ನೆರೆಯ ನಾಡಿಗೆ ಹೋಗಲು ಅಪ್ಪಣೆ: ಆಫ್ರಿಕಾದೊಳಗೆ ವೀಸಾ ನಡೆದು ಬಂದ ದಾರಿ

ಟೋಗೋ ದೇಶದ ರಾಜಧಾನಿ ಲೋಮೆಯ ಪಶ್ಚಿಮದ ಬೀದಿಗಳು ಮುಗಿಯುವಲ್ಲೇ ಘಾನಾ ಶುರುವಾಗುತ್ತದೆ. ಗಡಿಯ ಆ ಬದಿಯ ಊರು ಅಫ್ಲಾವೊ. ಎರಡೂ ಕಡೆ ಎವೆ ಭಾಷೆಯವರ ಮನೆಗಳು, ಎರಡೂ ಕಡೆ ನಂಟರು. ವಸಾಹತು ಆಡಳಿತಗಳು ಎಳೆದ ಇಂಥ ಗೆರೆಗಳನ್ನು ಸ್ವಾತಂತ್ರ್ಯ ಬಂದ ಮೇಲೆ ಅಳಿಸಬೇಕೆಂದು ಹಲವರು ಬಯಸಿದ್ದರು. ಆದರೆ 1964ರಲ್ಲಿ ಕೈರೋದಲ್ಲಿ ಸೇರಿದ ಆಫ್ರಿಕನ್ ಏಕತಾ ಸಂಘಟನೆಯ ನಾಯಕರು ಇದ್ದ ಗಡಿಗಳನ್ನೇ ಗೌರವಿಸುವುದೆಂದು ತೀರ್ಮಾನಿಸಿದರು. ಹೊಸ ರಾಷ್ಟ್ರಗಳು ನೆಲಕ್ಕಾಗಿ ಕಾದಾಡದಿರಲಿ ಎಂಬ ಕಾಳಜಿ ಅದರ ಹಿಂದಿತ್ತು. ಗಡಿ ಉಳಿಯಿತು, ಅದನ್ನು ದಾಟಲು ಯಾರ ಅಪ್ಪಣೆ ಬೇಕು ಎಂಬ ಪ್ರಶ್ನೆಯೂ ಉಳಿಯಿತು.

ಮೊದಲ ಗಟ್ಟಿ ಉತ್ತರ ಬಂದದ್ದು ಪಶ್ಚಿಮ ಆಫ್ರಿಕಾದಿಂದ. 1975ರಲ್ಲಿ ಲಾಗೋಸ್‌ನಲ್ಲಿ ಹುಟ್ಟಿದ ಇಕೋವಾಸ್ ಒಕ್ಕೂಟ, 1979ರಲ್ಲಿ ಡಕಾರ್‌ನಲ್ಲಿ ಮುಕ್ತ ಸಂಚಾರದ ಒಪ್ಪಂದಕ್ಕೆ ಸಹಿ ಹಾಕಿತು. ಸದಸ್ಯ ದೇಶದ ಪ್ರಜೆ ಇನ್ನೊಂದು ಸದಸ್ಯ ದೇಶದಲ್ಲಿ ವೀಸಾ ಇಲ್ಲದೆ 90 ದಿನ ಇರಬಹುದು. ಅದಕ್ಕೆ ಬೇಕಾದವು ಎರಡೇ ಕಾಗದ: ಚಾಲ್ತಿಯಲ್ಲಿರುವ ಪ್ರಯಾಣ ದಾಖಲೆ ಮತ್ತು ಲಸಿಕೆಯ ಅಂತರರಾಷ್ಟ್ರೀಯ ಪ್ರಮಾಣಪತ್ರ. ಇಡೀ ಖಂಡದ ಇತಿಹಾಸದಲ್ಲಿ ಸಾಮಾನ್ಯ ಪ್ರಯಾಣಿಕನಿಗೆ ಇಷ್ಟು ನೇರವಾಗಿ ಉಪಯೋಗಕ್ಕೆ ಬಂದ ಒಪ್ಪಂದ ಇನ್ನೊಂದಿಲ್ಲ ಎಂದೇ ನನ್ನ ಎಣಿಕೆ. ಮೂರು ವರ್ಷಗಳ ಬಳಿಕ ಬಂದ 'ಬ್ರೌನ್ ಕಾರ್ಡ್' ವಿಮೆಯಿಂದಾಗಿ ಸ್ವಂತ ವಾಹನದಲ್ಲಿ ಗಡಿ ದಾಟುವವರಿಗೂ ಅನುಕೂಲವಾಯಿತು.

ಆದರೆ ಒಳಗೆ ಬರುವ ಹಕ್ಕು ಬೇರೆ, ಅಲ್ಲೇ ನೆಲೆಸಿ ದುಡಿಯುವ ಹಕ್ಕು ಬೇರೆ. 1969ರಲ್ಲಿ ಘಾನಾ ಸರ್ಕಾರ ಪರವಾನಗಿ ಇಲ್ಲದ ವಿದೇಶಿಯರನ್ನು ಹೊರಹಾಕಿತ್ತು; ಅವರಲ್ಲಿ ನೈಜೀರಿಯನ್ನರೇ ಬಹಳ. 1983ರಲ್ಲಿ, ತೈಲದ ಬೆಲೆ ಕುಸಿದು ಕೆಲಸಗಳು ಕಡಿಮೆಯಾದಾಗ, ನೈಜೀರಿಯಾ ಕೆಲವೇ ವಾರಗಳ ಗಡುವು ಕೊಟ್ಟು ಲಕ್ಷಾಂತರ ಜನರನ್ನು ಹೊರಡಿಸಿತು. ಈ ಸಲ ಹೆಚ್ಚಿನವರು ಘಾನಾದವರು. ಕೈಗೆ ಸಿಕ್ಕದ್ದನ್ನೆಲ್ಲ ಅವರು ತುಂಬಿಕೊಂಡ ಚೌಕುಳಿ ಚೀಲಕ್ಕೆ ಇಂದಿಗೂ ಪಶ್ಚಿಮ ಆಫ್ರಿಕಾದ ಪೇಟೆಗಳಲ್ಲಿ 'ಘಾನಾ ಮಸ್ಟ್ ಗೋ' ಎಂದೇ ಹೆಸರು. ವೀಸಾ ರದ್ದಾದ ಕಡೆಯೂ ದಾಖಲೆಗಳನ್ನು ಒಪ್ಪವಾಗಿ ಇಟ್ಟುಕೊಳ್ಳಬೇಕೆಂಬ ಎಚ್ಚರ ಅಲ್ಲಿನ ಜನರಲ್ಲಿ ಬೇರೂರಿರುವುದಕ್ಕೆ ಈ ನೆನಪೂ ಒಂದು ಕಾರಣ.

ಪೂರ್ವದಲ್ಲಿ ಬೇರೆಯೇ ಹಾದಿ. 1977ರಲ್ಲಿ ಮುರಿದುಬಿದ್ದ ಪೂರ್ವ ಆಫ್ರಿಕಾ ಸಮುದಾಯ 2000ದಲ್ಲಿ ಮತ್ತೆ ಜೀವ ಪಡೆಯಿತು. 2014ರಿಂದ ಕೀನ್ಯಾ, ಉಗಾಂಡಾ, ರುವಾಂಡಾ ಪ್ರಜೆಗಳು ಬರೀ ರಾಷ್ಟ್ರೀಯ ಗುರುತಿನ ಚೀಟಿ ತೋರಿಸಿ ಪರಸ್ಪರರ ದೇಶಗಳಿಗೆ ಹೋಗಿಬರುತ್ತಿದ್ದಾರೆ. ಪಾಸ್‌ಪೋರ್ಟ್ ಮಾಡಿಸುವ ಖರ್ಚು ಭರಿಸಲಾಗದ ಸಣ್ಣ ವ್ಯಾಪಾರಿಗೆ ಇದು ದೊಡ್ಡ ಬಿಡುಗಡೆ. ಅದೇ ವರ್ಷ ಈ ಮೂರು ದೇಶಗಳು ಹೊರಗಿನ ಪ್ರವಾಸಿಗರಿಗೆ 100 ಡಾಲರಿನ, 90 ದಿನಗಳ ಒಂದೇ ವೀಸಾ ತಂದವು. ದಕ್ಷಿಣದಲ್ಲಿ ಎರಡು ದೇಶಗಳ ನಡುವಿನ ಒಡಂಬಡಿಕೆಗಳೇ ಹೆಚ್ಚು ಕೆಲಸ ಮಾಡಿವೆ. ಜಾಂಬಿಯಾ–ಜಿಂಬಾಬ್ವೆ ಗಡಿಯ ಚಿರುಂಡುವಿನಲ್ಲಿ 2009ರಲ್ಲಿ ಎರಡೂ ದೇಶಗಳ ತಪಾಸಣೆ ಒಂದೇ ಸೂರಿನಡಿ ಬಂತು. ಲಾರಿ ಚಾಲಕರು ದಿನಗಟ್ಟಲೆ ಕಾಯುತ್ತಿದ್ದ ಜಾಗವದು.

ವೀಸಾದಷ್ಟೇ ಪ್ರಯಾಣಿಕರನ್ನು ತಡೆದು ನಿಲ್ಲಿಸಿರುವುದು ಹಳದಿ ಜ್ವರದ ಲಸಿಕೆಯ ಕಾರ್ಡು. 2012ರ ಮಾರ್ಚ್‌ನಲ್ಲಿ ಜೋಹಾನ್ಸ್‌ಬರ್ಗ್ ವಿಮಾನ ನಿಲ್ದಾಣದಿಂದ 125 ನೈಜೀರಿಯನ್ನರನ್ನು, ಅವರ ಕಾರ್ಡು ಅಸಲಿಯಲ್ಲವೆಂದು ಹೇಳಿ ವಾಪಸು ಕಳಿಸಲಾಯಿತು. ನೈಜೀರಿಯಾವೂ ದಕ್ಷಿಣ ಆಫ್ರಿಕನ್ನರನ್ನು ಹಿಂದಕ್ಕೆ ಕಳಿಸಿ ಉತ್ತರ ಕೊಟ್ಟಿತು. ಕೊನೆಗೆ ದಕ್ಷಿಣ ಆಫ್ರಿಕಾ ಕ್ಷಮೆ ಕೋರಿತು. ಲಸಿಕೆ ಒಂದೇ ಡೋಸು. ಹಾಕಿಸಿಕೊಂಡ 10 ದಿನಗಳ ನಂತರವೇ ಕಾರ್ಡಿಗೆ ಮಾನ್ಯತೆ. 2016ರ ಜುಲೈಯಿಂದ ಅದು ಜೀವಮಾನಪೂರ್ತಿ ಸಲ್ಲುತ್ತದೆ. ಕೀನ್ಯಾ ಸಫಾರಿಗೆ ಹೋಗುವ ಬೆಂಗಳೂರಿನವರಿಗೂ ಇದು ಅನ್ವಯಿಸುತ್ತದೆ: ಅಲ್ಲಿಂದ ಕಾರ್ಡಿಲ್ಲದೆ ಮರಳಿದವರನ್ನು ಭಾರತದ ಆರೋಗ್ಯಾಧಿಕಾರಿಗಳು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಹೊರಡುವ ವಾರ ನೆನಪಾದರೆ ತಡವಾಯಿತೆಂದೇ ಅರ್ಥ.

ಖಂಡದ ಮಟ್ಟದಲ್ಲಿ ಭರವಸೆ ಚಿಗುರಿದ್ದು 2016ರಲ್ಲಿ. ಆ ವರ್ಷ ಕಿಗಾಲಿಯ ಶೃಂಗಸಭೆಯಲ್ಲಿ ಆಫ್ರಿಕನ್ ಒಕ್ಕೂಟದ ಪಾಸ್‌ಪೋರ್ಟ್ ಬಿಡುಗಡೆಯಾಯಿತು. ಮೊದಲ ಪ್ರತಿಗಳು ರುವಾಂಡಾ ಮತ್ತು ಚಾಡ್ ಅಧ್ಯಕ್ಷರ ಕೈ ಸೇರಿದವು. ಜನಸಾಮಾನ್ಯರ ಕೈಗೆ ಅದು ಬರಲಿಲ್ಲ. 2018ರಲ್ಲಿ ಮುಕ್ತ ಸಂಚಾರದ ಒಡಂಬಡಿಕೆ ಅಂಗೀಕಾರವಾಯಿತು. ಜಾರಿಗೆ ಬರಲು 15 ದೇಶಗಳ ಸ್ಥಿರೀಕರಣ ಬೇಕು. ವರ್ಷಗಳು ಕಳೆದರೂ ಮುಂದೆ ಬಂದದ್ದು ರುವಾಂಡಾ, ನೈಜರ್, ಮಾಲಿ, ಸಾವೊ ಟೋಮೆ ನಾಲ್ಕೇ. ಅದೇ ವರ್ಷದ ಮುಕ್ತ ವ್ಯಾಪಾರ ಒಪ್ಪಂದವನ್ನು 40ಕ್ಕೂ ಹೆಚ್ಚು ದೇಶಗಳು ಸ್ಥಿರೀಕರಿಸಿವೆ. ಸರಕು ಹೋಗಲಿ, ಅದನ್ನು ಮಾರುವವನು ಮನೆಯಲ್ಲೇ ಇರಲಿ ಎಂದರೆ ವ್ಯಾಪಾರ ಬೆಳೆಯುವುದು ಹೇಗೆ? ಭದ್ರತೆಯ ಆತಂಕ, ಕೆಲಸ ಕಳೆದುಕೊಳ್ಳುವ ಭಯ ಸುಳ್ಳಲ್ಲ. 2008ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ವಲಸಿಗರ ಮೇಲಿನ ದಾಳಿಗಳಲ್ಲಿ 60ಕ್ಕೂ ಹೆಚ್ಚು ಜನ ಸತ್ತರು. ಆದರೂ ಮೂರು ದಿನದ ಸಭೆಗೆ ಬರುವವನನ್ನೂ ಕಾಯಂ ವಲಸೆಗಾರನನ್ನೂ ಒಂದೇ ಸಂಶಯದಿಂದ ನೋಡುವುದು ಅನ್ಯಾಯ.

ಹೀಗಾಗಿ ಬಾಗಿಲು ತೆರೆದದ್ದು ಒಂದೊಂದೇ ದೇಶ, ತಾನಾಗಿ. ರುವಾಂಡಾ 2013ರಲ್ಲಿ ಆಫ್ರಿಕನ್ನರೆಲ್ಲರಿಗೂ ಬಂದಿಳಿದ ಮೇಲೆ ವೀಸಾ ಕೊಡತೊಡಗಿತು, 2023ರಲ್ಲಿ ವೀಸಾವನ್ನೇ ಕೈಬಿಟ್ಟಿತು. ಬೆನಿನ್, ಗ್ಯಾಂಬಿಯಾ, ಸೇಶೆಲ್ಸ್ ಕೂಡ ಇದೇ ಸಾಲಿನಲ್ಲಿವೆ. ದೊಡ್ಡ ಆರ್ಥಿಕತೆಗಳು ಹಿಂದೆ ಉಳಿದಿರುವಾಗ ಸಣ್ಣ ದೇಶಗಳು ತೋರಿದ ಈ ಧೈರ್ಯ ಮೆಚ್ಚುವಂಥದು. ಆಫ್ರಿಕನ್ ಅಭಿವೃದ್ಧಿ ಬ್ಯಾಂಕಿನ ವೀಸಾ ಮುಕ್ತತಾ ಸೂಚ್ಯಂಕದ ಪ್ರಕಾರ, ಆಫ್ರಿಕನ್ನರಿಗೆ ಖಂಡದೊಳಗೆ ವೀಸಾ ಬೇಡದ ಪ್ರಯಾಣಗಳ ಪಾಲು 2016ರಲ್ಲಿ ಶೇ. 20 ಇದ್ದದ್ದು 2023ಕ್ಕೆ ಶೇ. 28 ಆಗಿದೆ. ಇನ್ನೊಂದು ಬದಿಯನ್ನು ನೈಜೀರಿಯಾದ ಉದ್ಯಮಿ ಅಲಿಕೊ ಡಾಂಗೊಟೆ 2024ರಲ್ಲಿ ಕಿಗಾಲಿಯ ವೇದಿಕೆಯಲ್ಲೇ ಹೇಳಿದರು: ತಮ್ಮ ದೇಶದ ಪಾಸ್‌ಪೋರ್ಟಿನಲ್ಲಿ ಖಂಡ ಸುತ್ತಲು ಅವರಿಗೆ 35 ವೀಸಾಗಳು ಬೇಕು.

ಆನ್‌ಲೈನ್ ಅರ್ಜಿ ಬಂದ ಮೇಲೆ ರಾಯಭಾರ ಕಚೇರಿಯ ಅಲೆದಾಟ ತಗ್ಗಿದೆ, ಆದರೆ ಸುಲಭವಾಯಿತೆಂದು ತಕ್ಷಣ ನಂಬಬಾರದು. ಕೀನ್ಯಾ 2024ರ ಜನವರಿಯಲ್ಲಿ ವೀಸಾ ರದ್ದೆಂದು ಸಾರಿ, 30 ಡಾಲರಿನ ಮುಂಗಡ ಆನ್‌ಲೈನ್ ಅನುಮತಿ ತಂದಿತು. ಮೊದಲು ಏನೂ ಕೊಡದೆ ಬರುತ್ತಿದ್ದ ಹಲವು ದೇಶಗಳವರು ಈಗ ಅರ್ಜಿ ತುಂಬಿ ಹಣ ಕಟ್ಟಬೇಕಾಯಿತು. ಟೀಕೆಗಳ ನಂತರ 2025ರಲ್ಲಿ ಹೆಚ್ಚಿನ ಆಫ್ರಿಕನ್ನರಿಗೆ ಅದರಿಂದ ವಿನಾಯಿತಿ ಸಿಕ್ಕಿತು. ವಿಮಾನದ ದಾರಿಯನ್ನೂ ನೋಡಿಕೊಳ್ಳಬೇಕು. ಖಂಡದ ಆಕಾಶವನ್ನು ಮುಕ್ತಗೊಳಿಸುವ ಯಾಮುಸುಕ್ರೊ ನಿರ್ಣಯ 1999ರದ್ದಾದರೂ, ಎರಡು ಆಫ್ರಿಕನ್ ನಗರಗಳ ನಡುವೆ ಯುರೋಪ್ ಸುತ್ತಿ ಹೋಗುವ ಟಿಕೆಟ್‌ಗಳು ಇನ್ನೂ ಇವೆ. ಅಂಥ ಕಡೆ ಬರೀ ವಿಮಾನ ಬದಲಿಸಲೂ ಕೆಲವು ದೇಶಗಳವರಿಗೆ ಟ್ರಾನ್ಸಿಟ್ ವೀಸಾ ಬೇಕು.

2025ರ ಜನವರಿಯಲ್ಲಿ ಮಾಲಿ, ಬುರ್ಕಿನಾ ಫಾಸೊ, ನೈಜರ್ ಇಕೋವಾಸ್‌ನಿಂದ ಹೊರನಡೆದವು. ಒಕ್ಕೂಟದ ಲಾಂಛನವಿರುವ ಅವರ ಪಾಸ್‌ಪೋರ್ಟುಗಳನ್ನು ಮುಂದಿನ ಸೂಚನೆಯವರೆಗೆ ಮಾನ್ಯ ಮಾಡುವಂತೆ ಒಕ್ಕೂಟ ಉಳಿದ ಸದಸ್ಯರನ್ನು ಕೇಳಿತು. 1979ರಿಂದ ಹಕ್ಕಾಗಿದ್ದ 90 ದಿನಗಳು ಹೀಗೆ ಒಂದು ಸೂಚನೆಯ ಮೇಲೆ ನಿಂತವು. ಅದೇ ತಿಂಗಳು ಘಾನಾ ಎಲ್ಲ ಆಫ್ರಿಕನ್ನರಿಗೂ ವೀಸಾ ಬೇಡವೆಂದು ಘೋಷಿಸಿತು. ಒಕ್ಕೂಟದ ಸೂಚನೆ ನಾಳೆ ಬದಲಾದರೂ ಉತ್ತರದ ಗಡಿಯಾಚೆಯ ಬುರ್ಕಿನಾ ವ್ಯಾಪಾರಿ ಈ ಘೋಷಣೆ ಜಾರಿಯಲ್ಲಿದ್ದರೆ ಘಾನಾದ ಸಂತೆಗಳಿಗೆ ಬರಬಹುದು.