ಕರಿಯನ ಬಾಲ ಮತ್ತು 1676ರ ಗಾಳ

ಇವತ್ತಿನ ಇತಿಹಾಸ ನಮ್ಮ ಮನೆ ಸೋಫಾದ ಕೆಳಗಿನಿಂದ ಶುರುವಾಗತ್ತೆ.

ಅಂಧೇರಿಯ ನಮ್ಮ ಫ್ಲಾಟಿನಲ್ಲಿ ಹದಿಮೂರು ವರ್ಷ ಕರಿಯ ಅಂತ ಒಂದು ನಾಯಿ ಇತ್ತು. ಉದ್ದ ಕೂದಲಿನ ಕಪ್ಪು ನಾಯಿ, ಜಾತಿಗೀತಿ ಏನೂ ಇಲ್ಲ. ದಿನಾ ಗುಡಿಸಿದರೆ ಒಂದು ಹಿಡಿ ಕೂದಲು ಸಿಗೋದು, ನಾನು ಬೈಕೊಂಡೇ ಗುಡಿಸ್ತಿದ್ದೆ. ಹೋದ ಮಳೆಗಾಲದಲ್ಲಿ ಅವನು ತೀರಿಕೊಂಡ. ಆಮೇಲೆ ಸೋಫಾ ಸರಿಸಿದಾಗ ಸಿಕ್ಕ ಕೂದಲನ್ನು ಎಸೆಯೋಕೆ ಮನಸ್ಸಾಗಲಿಲ್ಲ. ಒಂದು ಉಪ್ಪಿನಕಾಯಿ ಬಾಟಲಿ ತೊಳೆದು ಅದರಲ್ಲಿ ತುಂಬಿಟ್ಟೆ.

ಗಾಳದ ಹುಚ್ಚಿರುವ ಗೆಳೆಯರೊಬ್ಬರು ಆ ಬಾಟಲಿ ನೋಡಿ, "ಇದರಲ್ಲಿ ಚೆನ್ನಾಗಿರೋ ಫ್ಲೈ ಕಟ್ಟಬಹುದು" ಅಂದರು. ಪಕ್ಕದ ಮನೆಯವರು ಮೊಗವೀರರು, ತಲೆಮಾರುಗಳಿಂದ ಮೀನು ಬಲ್ಲವರು. ಅವರಂತೂ ಬಿದ್ದು ಬಿದ್ದು ನಕ್ಕರು: "ಮೀನಿಗೆ ನಾಯಿ ಕೂದಲಾ?" ನನಗೂ ತಮಾಷೆ ಅನ್ನಿಸ್ತು. ಆದರೆ ಹುಡುಕುತ್ತಾ ಹೋದರೆ, ಇದು ಸುಮಾರು 350 ವರ್ಷ ಹಳೆಯ ವಿದ್ಯೆ!

ಮೊದಲು ಫ್ಲೈ ಅಂದ್ರೆ ಏನು ಅಂತ ನೋಡೋಣ. ಇಲ್ಲಿ ಎರೆಹುಳ ಇಲ್ಲ, ಹಿಟ್ಟಿನುಂಡೆ ಇಲ್ಲ. ಕೊಕ್ಕೆಗೇ ನೂಲು, ಗರಿ, ಕೂದಲು ಸುತ್ತಿ ನೀರಿನ ಹುಳದ ವೇಷ ಹಾಕೋದು. ಮೇಣ ಸವರಿದ ನೂಲಿಗೆ ಪ್ರಾಣಿಯ ಮೆತ್ತನೆ ಕೂದಲನ್ನು ಬೆರಳಲ್ಲಿ ಹೊಸೆದು ಕೊಕ್ಕೆಗೆ ಸುತ್ತಿದರೆ ಅದೇ ಹುಳದ ಮೈ. ಬತ್ತಿ ಹೊಸೆಯೋದನ್ನು ನೋಡಿದವರಿಗೆ ಇದು ತಕ್ಷಣ ಅರ್ಥ ಆಗತ್ತೆ. ಕ್ರಿ.ಶ. 200ರ ಹೊತ್ತಿಗೇ ರೋಮಿನ ಈಲಿಯನ್ ಎಂಬ ಲೇಖಕ, ಮ್ಯಾಸಿಡೋನಿಯಾದವರು ಕೆಂಪು ಉಣ್ಣೆ ಮತ್ತು ಹುಂಜದ ಗರಿಯಿಂದ ಇಂಥ ಗಾಳ ಕಟ್ಟುತ್ತಿದ್ದರು ಅಂತ ಬರೆದಿದ್ದಾನೆ.

ಈಗ ನಾಯಿಯ ವಿಷಯಕ್ಕೆ ಬರೋಣ. ಐಸಾಕ್ ವಾಲ್ಟನ್ 1653ರಲ್ಲಿ ಬರೆದ 'ದಿ ಕಂಪ್ಲೀಟ್ ಆಂಗ್ಲರ್' ಗಾಳದವರ ಪಾಲಿಗೆ ಪುರಾಣ ಇದ್ದಹಾಗೆ. ಅದರ 1676ರ ಮುದ್ರಣಕ್ಕೆ ವಾಲ್ಟನ್‌ನ ಗೆಳೆಯ ಚಾರ್ಲ್ಸ್ ಕಾಟನ್ ಎರಡನೇ ಭಾಗ ಸೇರಿಸಿದ. ಯಾವ ತಿಂಗಳಿಗೆ ಯಾವ ಫ್ಲೈ ಅಂತ ಪಂಚಾಂಗದ ಥರ ಪಟ್ಟಿ ಕೊಟ್ಟಿದ್ದಾನೆ. ಜನವರಿಯ ಫ್ಲೈಗೆ ಏನು ಬೇಕು ಗೊತ್ತಾ? ಉದ್ದ ಕೂದಲಿನ ಕಪ್ಪು ನಾಯಿಯ ಬಾಲದ ಕೂದಲು! ಜಾತಿನಾಯಿ ಬೇಕಿಲ್ಲ, ಬೀದಿ ನಾಯಿಯೇ ಆಗಬಹುದು. ಕಾರಣಾನೂ ಕೊಡ್ತಾನೆ: ಅಂಥ ನಾಯಿಯ ಬಾಲದ ಕೂದಲು ಬರ್ತಾ ಬರ್ತಾ ಕೆಂಗಂದಿಗೆ ತಿರುಗತ್ತೆ, ಗಿಡ್ಡ ಕೂದಲಿನ ಕಪ್ಪು ನಾಯಿಯದ್ದು ಕಪ್ಪಾಗೇ ಉಳಿಯತ್ತೆ. ಇದು ನಾಯಿಯ ಜೊತೆ ಬದುಕಿ ನೋಡಿದವನ ಮಾತು, ಅಲ್ವಾ?

ಈ ಹುಚ್ಚು ನಮ್ಮ ಕಡೆಗೂ ಬಂತು. ಅಂಧೇರಿಯಲ್ಲಿ ಶಾಲೆ-ಕಾಲೇಜು ನಡೆಸುವ ಮೊಗವೀರ ವ್ಯವಸ್ಥಾಪಕ ಮಂಡಳಿ ನಿಮಗೆ ಗೊತ್ತು, 1902ರ ಸಂಸ್ಥೆ. ಅದನ್ನು ಕಟ್ಟಿದವರ ಕರಾವಳಿಯಲ್ಲೇ, ಅದಕ್ಕೂ ಮೂರು ದಶಕ ಮೊದಲು, ಹೆನ್ರಿ ಸಲಿವನ್ ಥಾಮಸ್ ಅನ್ನೋ ಕಲೆಕ್ಟರ್ ಇದ್ದ. ಅವನ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಶಿಶಿಲದಲ್ಲಿ ನಾವು ಅರಳು ಹಾಕಿ ಕೈಮುಗಿಯುವ ದೇವರ ಮೀನು ಇದೆಯಲ್ಲ, ಅದೇ ಮಹಶೀರ್ ಅವನ ಪುಸ್ತಕದ ನಾಯಕ. ಥಾಮಸ್ ಬರೀ ಶೋಕಿಯವನಲ್ಲ. ಹೊಳೆಗೆ ವಿಷ ಹಾಕೋದು, ಸಣ್ಣ ಕಣ್ಣಿನ ಬಲೆಯಲ್ಲಿ ಮರಿಗಳನ್ನು ಬಾಚೋದು ನಿಲ್ಲಬೇಕು ಅಂತ ವಾದಿಸಿದವನು.

ಆದರೆ ಅದೇ ಕಾಲದ ಬ್ರಿಟನ್ನಿನಲ್ಲಿ ಸಾಲ್ಮನ್ ಮೀನಿನ ಫ್ಲೈಗಳು ಒಡವೆಗಳಂತಾಗಿದ್ದವು. ಲೋಕದ ಮೂಲೆಮೂಲೆಯ ಹಕ್ಕಿಗಳ ಗರಿ ಅದಕ್ಕೆ ಬೇಕಿತ್ತು. ನಮ್ಮ ಪಶ್ಚಿಮ ಘಟ್ಟದ ಬೂದು ಕಾಡುಕೋಳಿಯೂ ಬಲಿಯಾಯಿತು. ಅದರ ಹುಂಜದ ಕತ್ತಿನ ಗರಿಯ ಮೇಲೆ ಮೇಣದ ಹನಿಯಂಥ ಚುಕ್ಕೆ ಇರತ್ತೆ, ಅದೇ ಫ್ಲೈಗೆ ಕಣ್ಣು. ಆ ಕಣ್ಣುಗಳಿಗಾಗಿ ಘಟ್ಟದಲ್ಲಿ ಹುಂಜಗಳು ಸಾಯಬೇಕಿತ್ತು. 1972ರ ವನ್ಯಜೀವಿ ಕಾಯಿದೆ ಬಂದಮೇಲೆ ಈಗ ಅದಕ್ಕೆ ಕಾನೂನಿನ ರಕ್ಷಣೆ ಇದೆ.

ನನ್ನನ್ನು ಕಾಡಿದ್ದು ಈ ವ್ಯತ್ಯಾಸ. ಕಾಡುಕೋಳಿಯ ಗರಿ ಬೇಕಾದರೆ ಕೊಲ್ಲಬೇಕು. ನಾಯಿಯ ಕೂದಲು ತಾನಾಗೇ ಉದುರತ್ತೆ, ನಾವು ಬೈಕೊಂಡು ಗುಡಿಸ್ತೀವಿ. ದುಬಾರಿ ಗರಿಗಳ ಇತಿಹಾಸ ಎಲ್ಲರೂ ಬರೆದರು. ಕಾಟನ್ ಹೇಳಿದ ಆ ಕಪ್ಪು ನಾಯಿಯ ಹೆಸರು ಯಾರಿಗೂ ಗೊತ್ತಿಲ್ಲ.

ಗೆಳೆಯರು ಕರಿಯನ ಕೂದಲಲ್ಲಿ ಒಂದು ಫ್ಲೈ ಕಟ್ಟಿಕೊಟ್ಟಿದ್ದಾರೆ. ಅದನ್ನು ನೀರಿಗೆ ಹಾಕಿಲ್ಲ, ಹಾಕೋದೂ ಇಲ್ಲ. ಆದರೆ ಕಾಟನ್‌ನ ಇನ್ನೊಂದು ಪಾಠ ನೆನಪಾಯ್ತು: ಕೂದಲಿನ ನಿಜವಾದ ಬಣ್ಣ ತಿಳಿಯಬೇಕಾದರೆ ಅದನ್ನು ಸೂರ್ಯನಿಗೂ ಕಣ್ಣಿಗೂ ನಡುವೆ ಹಿಡಿದು ನೋಡಬೇಕಂತೆ. ಮೊನ್ನೆ ಬೆಳಿಗ್ಗೆ ಬಾಟಲಿಯಿಂದ ಬಾಲದ ಒಂದೆಳೆ ತೆಗೆದು ಬಾಲ್ಕನಿಯಲ್ಲಿ ಹಿಡಿದೆ. ಹದಿಮೂರು ವರ್ಷ ಕರಿಯ, ಕರಿಯ ಅಂತ ಕರೆದಿದ್ದೆ. ಎಳೆ ಕೆಂಪಗಿತ್ತು.