ಮಂಗಳೂರಿನ ತಿಮಿಂಗಿಲ, ಮದರಾಸಿನ ಮನೆ

ಇಂದಿನ ಪುತ್ತೂರು, ಸುಳ್ಯ, ಕಡಬಗಳು ಉಪ್ಪಿನಂಗಡಿ ತಾಲೂಕೆಂಬ ಒಂದೇ ಹೆಸರಿನೊಳಗೆ ಅಡಗಿದ್ದ ಕಾಲವದು. 1874ರಲ್ಲಿ ಮಂಗಳೂರಿನ ಕಡಲ ದಂಡೆಗೆ ಒಂದು ಮಹಾಕಾಯದ ತಿಮಿಂಗಿಲ ಬಂದು ಬಿತ್ತು. ಅದರ ಎಲುಬುಗೂಡು ಮದರಾಸಿನ ಎಗ್ಮೋರ್ ವಸ್ತುಸಂಗ್ರಹಾಲಯವನ್ನು ಸೇರಿತು.

ಪಡುವಣ ಕಡಲಿನ ಪ್ರಾಣಿ ಮೂಡಣ ಕರಾವಳಿಯ ನಗರಕ್ಕೆ ಹೋದುದರ ಹಿಂದೆ ಮುಕ್ಕಾಲು ಶತಮಾನದ ರಾಜಕಾರಣವಿದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಕನ್ನಡ ಜಿಲ್ಲೆ ಕುಂಪಣಿಯ ಕೈಸೇರಿತು. 1834ರಲ್ಲಿ ಕೊಡಗಿನ ಅರಸೊತ್ತಿಗೆ ಅಳಿಯಿತು. ಕೊಡಗಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಬ್ರಿಟಿಷರು ಈ ಜಿಲ್ಲೆಗೆ ಜೋಡಿಸಿದರು. ಅದರಿಂದೆದ್ದ ಕೋಪ 1837ರಲ್ಲಿ ಸಿಡಿದಾಗ ಸುಳ್ಯದ ರೈತಪಡೆ ಕಲ್ಯಾಣಪ್ಪನ ಹೆಸರಿನಲ್ಲಿ ಘಟ್ಟದ ತಪ್ಪಲಿನಿಂದ ಇಳಿದು ಮಂಗಳೂರನ್ನೇ ಹಿಡಿಯಿತು. ದಂಗೆ ಅಡಗಿತು, ನೇಣುಗಂಬಗಳು ಎದ್ದವು, ಮದರಾಸಿನ ಆಳ್ವಿಕೆ ಬೇರೂರಿತು. 1862ರಲ್ಲಿ ಉತ್ತರ ಕನ್ನಡ ಮುಂಬಯಿಗೆ ಹೋದರೂ ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಹೀಗೆ ನಮ್ಮ ತೆರಿಗೆ, ನಮ್ಮ ವ್ಯಾಜ್ಯಗಳ ಮೇಲ್ಮನವಿ ಯಾವ ಊರಿಗೆ ಹೋಗುತ್ತಿದ್ದವೋ ನಮ್ಮ ತಿಮಿಂಗಿಲವೂ ಆ ಊರಿಗೇ ಹೋಯಿತು. ಮಂಗಳೂರಿಗೆ ರೈಲು ಬರಲು ಆಗಿನ್ನೂ ಮೂರು ದಶಕ ಬಾಕಿಯಿತ್ತು. ಅದು ಬಂದದ್ದು 1907ರಲ್ಲಿ.

ತಿಮಿಂಗಿಲ ಬಂದಾಗ, 1851ರಲ್ಲಿ ಹುಟ್ಟಿದ ಆ ಸಂಗ್ರಹಾಲಯದ ಮುಖ್ಯಸ್ಥ ಜಾರ್ಜ್ ಬಿಡೀ ಎಂಬ ವೈದ್ಯ. ಈತನನ್ನು ನಮ್ಮ ಸೀಮೆಯವರು ಮರೆಯಬಾರದು. ಕಾಫಿ ಗಿಡದ ಕಾಂಡ ಕೊರೆಯುವ ಹುಳದ ಹಾವಳಿಯನ್ನು ಪರಿಶೀಲಿಸಲು ಅದಕ್ಕೆ ಕೆಲವೇ ವರ್ಷ ಮೊದಲು ಕೊಡಗಿನ ತೋಟಗಳನ್ನು ಸುತ್ತಿದವನು ಈತ. ಹುಳವನ್ನು ನೋಡಹೋದವನ ಕಣ್ಣು ಕಾಡಿನ ಮೇಲೂ ಬಿತ್ತು. ಕೊಡಗಿನ ಕಾಡು ಕಡಿದರೆ ಮಳೆನೀರು ಇಂಗದೆ ಹರಿದುಹೋಗುತ್ತದೆ, ತೊರೆಗಳು ಸೊರಗುತ್ತವೆ ಎಂಬ ಆತಂಕವನ್ನು 1869ರಲ್ಲೇ ಲಂಡನ್ನಿನ ಭೂಗೋಳ ಸಂಘದ ಪತ್ರಿಕೆಯಲ್ಲಿ ಬರೆದ. ಆ ಬೆಟ್ಟಗಳ ನೀರೇ ಪಯಸ್ವಿನಿಯಾಗಿ ಸುಳ್ಯವನ್ನು ದಾಟಿ ಕಾಸರಗೋಡಿನ ಬಳಿ ಕಡಲು ಸೇರುತ್ತದೆ. ಪುಷ್ಪಗಿರಿಯ ಕುಮಾರಧಾರೆ ಸುಬ್ರಹ್ಮಣ್ಯವನ್ನು ಹಾದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಕೂಡಿ ಮಂಗಳೂರಿನಲ್ಲಿ ಕಡಲಿಗಿಳಿಯುತ್ತದೆ. ನಮ್ಮ ನದಿಗಳ ತವರನ್ನು ಕಂಡಿದ್ದವನ ಸುಪರ್ದಿಗೆ ಆ ನದಿಗಳು ಸೇರುವ ಕಡಲಿನ ಪ್ರಾಣಿ ಬಂದದ್ದನ್ನು ನಾನು ಬರಿಯ ಕಾಕತಾಳೀಯವೆಂದು ಬದಿಗಿಡಲಾರೆ.

ಆ ಎಲುಬುಗೂಡನ್ನು ನೋಡಹೋದವರು ಅದರ ಉದ್ದಕ್ಕೆ ಬೆರಗಾಗಿ ಮುಂದೆ ನಡೆಯುತ್ತಾರೆ. ನಿಂತು ನೋಡಬೇಕಾದದ್ದು ಈಜುರೆಕ್ಕೆಯನ್ನು. ತಿಮಿಂಗಿಲದ ಈಜುರೆಕ್ಕೆಯೊಳಗೆ ಭುಜವಿದೆ, ಮುಂಗೈಯಿದೆ, ಮಣಿಕಟ್ಟಿದೆ, ಬೆರಳುಗಳಿವೆ. ನೆಲದ ಮೇಲೆ ನಾಲ್ಕು ಕಾಲಲ್ಲಿ ನಡೆದಾಡಿದ ವಂಶದ ಗುರುತು ಅದು. ಹಿಂಗಾಲುಗಳು ಮಾಯವಾದರೂ ಸೊಂಟದೆಲುಬಿನ ತುಣುಕುಗಳು ಮಾಂಸದೊಳಗೆ ಉಳಿದುಕೊಂಡಿವೆ. ಈ ಕಥೆಯ ಒಂದು ಮುಖ್ಯ ಕೊಂಡಿ ಸಿಕ್ಕಿದ್ದು ಭಾರತದಲ್ಲೇ: ಭೂವಿಜ್ಞಾನಿ ಎ. ರಂಗರಾವ್ ಜಮ್ಮು ಸೀಮೆಯ ಕಾಲಾಕೋಟ್‌ನಲ್ಲಿ ಸಂಗ್ರಹಿಸಿದ ಕಲ್ಲುಗಳಲ್ಲಿ. 1971ರಲ್ಲಿ ಅವರು ಇಂಡೋಹಯಸ್ ಎಂದು ಹೆಸರಿಟ್ಟ ಆ ಗೊರಸಿನ ಪುಟ್ಟ ಪ್ರಾಣಿ ತಿಮಿಂಗಿಲಗಳ ಹತ್ತಿರದ ದಾಯಾದಿಯೆಂದು 2007ರಲ್ಲಿ ಹಾನ್ಸ್ ಥೆವಿಸನ್ ಮತ್ತು ಸಂಗಡಿಗರು ತೋರಿಸಿದರು. ಸುಮಾರು 4.8 ಕೋಟಿ ವರ್ಷ ಹಿಂದೆ ನೀರಂಚಿನಲ್ಲಿ ಬಾಳಿದ ಅದು ನೋಟಕ್ಕೆ ಬಹುಮಟ್ಟಿಗೆ ಬರಿಂಕದಂತಿತ್ತು. ಬರಿಂಕವನ್ನು ಕಾಣಲು ಜಮ್ಮುವಿಗೆ ಹೋಗಬೇಕಾಗಿಲ್ಲ. ಮೊಲದಷ್ಟೆತ್ತರದ, ಮೈತುಂಬ ಬಿಳಿ ಚುಕ್ಕೆಯ ಆ ಅಂಜುಬುರುಕ ಜೀವ ನಮ್ಮ ಘಟ್ಟದ ಕಾಡುಗಳಲ್ಲಿ ಇನ್ನೂ ಇರುಳು ಮೇಯುತ್ತದೆ.

ಇಂಥ ಸಂಗತಿಗಳನ್ನು ಕನ್ನಡದ ಮಕ್ಕಳಿಗೆ ಕನ್ನಡದಲ್ಲೇ ಹೇಳಬೇಕೆಂದು ಹಟ ಹಿಡಿದವರು ಪುತ್ತೂರಿನ ಬಾಲವನದಲ್ಲಿ ನೆಲೆಸಿದ್ದ ಶಿವರಾಮ ಕಾರಂತರು. ಮದರಾಸಿನ ಸಂಗ್ರಹಾಲಯ ಎಲುಬನ್ನು ಕಾಪಾಡಿತು; ಅದನ್ನು ಓದುವ ಕಣ್ಣನ್ನು ‘ಬಾಲ ಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳಂಥ ಸಂಪುಟಗಳು ಕೊಟ್ಟವು. ಎರಡೂ ಸಮನಾದ ಸೇವೆಗಳೆಂದು ನನ್ನ ಎಣಿಕೆ.

1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮದರಾಸಿನ ನಂಟು ಕಳಚಿ ಮೈಸೂರು ರಾಜ್ಯವನ್ನು ಸೇರಿತು. ಕಾಸರಗೋಡು ಕೇರಳದ ಪಾಲಾಯಿತು. ತಿಮಿಂಗಿಲ ಮಾತ್ರ ಇದ್ದಲ್ಲೇ ಉಳಿಯಿತು. ಅದನ್ನು ಮರಳಿ ಕೇಳಬೇಕೆಂದು ನನಗೆ ಅನ್ನಿಸುವುದಿಲ್ಲ. ಇಷ್ಟು ಕಾಲ ಜತನವಾಗಿ ನೋಡಿಕೊಂಡವರ ಬಳಿಯೇ ಅದು ಇರಲಿ. ಆದರೆ ಸುಳ್ಯ, ಕಡಬಗಳ ಶಾಲೆಗಳ ಮಕ್ಕಳು ಪ್ರವಾಸಕ್ಕೆ ಚೆನ್ನೈಗೆ ಹೋದರೆ ಎಗ್ಮೋರಿನ ಆ ಸಭಾಂಗಣಕ್ಕೆ ಹೋಗಲೇಬೇಕು, ಇದು ನಮ್ಮ ಕಡಲಿನದು ಎಂದು ಮೇಷ್ಟ್ರು ಅವರಿಗೆ ಹೇಳಬೇಕು.