ಬೆಚ್ಚುವ ಕೈ, ಒದೆಯುವ ಕೋವಿ

ಷಿಕಾರಿಯ ಮಾತು ಬಂದಾಗ ಗುರಿ ತಪ್ಪಿದವನನ್ನು ಪುಕ್ಕಲ ಎನ್ನುವುದು, ತಪ್ಪದವನನ್ನು ಗಂಡೆದೆಯವನೆಂದು ಹೊಗಳುವುದು ರೂಢಿ. ಬಂದೂಕಿನ ಚರಿತ್ರೆ ಈ ತೀರ್ಪನ್ನು ಒಪ್ಪುವುದಿಲ್ಲ. ಈಡು ಹಾರುವ ಮುನ್ನವೇ ಕಣ್ಣು ಮುಚ್ಚುವುದು, ಹೆಗಲು ಸೆಟೆಯುವುದು, ಕುದುರೆಯನ್ನು ಜಗ್ಗಿಬಿಡುವುದು ಮೈ ತಾನಾಗಿ ಕಲಿತ ಪಾಠ. ಅದನ್ನು ಮರೆಸುವುದು ಎದೆಗಾರಿಕೆಯಲ್ಲ. ಕೋವಿ ಮಾಡುವವನ ಕಸುಬು, ಹಿಡಿಯುವವನ ಅಭ್ಯಾಸ.

ಇದಕ್ಕೆ ಶ್ರೀರಂಗಪಟ್ಟಣವೇ ಮೊದಲ ಸಾಕ್ಷಿ. ಟಿಪ್ಪು ಸುಲ್ತಾನನ ಕಾರ್ಖಾನೆಗಳಲ್ಲಿ ತಯಾರಾಗಿ, 1799ರ ಕೊಳ್ಳೆಯ ನಂತರ ಇಂಗ್ಲೆಂಡಿನ ಸಂಗ್ರಹಗಳನ್ನು ಸೇರಿದ ಹುಲಿಮೊಗದ ಬಂದೂಕುಗಳು ಚಕಮಕಿಯವು. ಕಲ್ಲು ಉಕ್ಕಿಗೆ ಬಡಿದು, ಕಿಡಿ ರಂಜಕದ ಬಟ್ಟಲಿಗೆ ಬಿದ್ದು, ಅಲ್ಲಿನ ಉರಿ ಸಣ್ಣ ತೂತಿನೊಳಗಿಂದ ನಳಿಗೆಯ ಮದ್ದನ್ನು ಮುಟ್ಟಬೇಕು. ಆ ಅರೆಕ್ಷಣದ ತಡದಲ್ಲಿ ಕೆನ್ನೆಯ ಹತ್ತಿರವೇ ಬೆಂಕಿ ಭಗ್ಗೆನ್ನುತ್ತದೆ. ಬೆಚ್ಚಿದ ಕೈಗೆ ನಳಿಗೆಯನ್ನು ಅಲುಗಿಸಲು ಅಷ್ಟು ಹೊತ್ತು ಸಾಕು. ಹಿರೋಡೆಯಲ್ಲಿ, ಅಂದರೆ ಇಂದಿನ ಪಾಂಡವಪುರದಲ್ಲಿ, ಫ್ರೆಂಚ್ ಪಡೆ ಬೀಡುಬಿಟ್ಟಿದ್ದ ಕಾಲದ ಯುದ್ಧಕ್ರಮದಲ್ಲಿ ಸಾಲಾಗಿ ನಿಂತು ಒಟ್ಟಿಗೆ ಗುಂಡು ಹಾರಿಸುತ್ತಿದ್ದುದರಿಂದ ಒಬ್ಬನ ಅಳುಕು ಗುಂಪಿನಲ್ಲಿ ಮುಚ್ಚಿಹೋಗುತ್ತಿತ್ತು. ಒಂಟಿ ಬೇಟೆಗಾರನಿಗೆ ಆ ಮರೆಯಿಲ್ಲ. ಮತ್ತೆ ಮದ್ದು ತುಂಬುವಷ್ಟರಲ್ಲಿ ಗಾಯಗೊಂಡ ಪ್ರಾಣಿ ಪೊದೆ ಸೇರಿರುತ್ತದೆ.

ಕರಿಮದ್ದಿನ ಬಂದೂಕು ಮೆಲ್ಲಗೆ ತಳ್ಳುತ್ತದೆ, ಈಗಿನ ರೈಫಲ್ಲಿನಂತೆ ಗುದ್ದುವುದಿಲ್ಲ, ಹಾಗಾಗಿ ಆಗಿನವರಿಗೆ ಈ ತೊಂದರೆ ಕಡಿಮೆಯಿತ್ತು ಎನ್ನಬಹುದು. ಒಂದೇ ತೂಕದ ಗುಂಡಿಗೆ ಈ ಮಾತು ಸರಿ. ಆದರೆ ಆನೆ, ಕಾಟಿಗಳಿಗೆಂದು ಗುಂಡು ಬೆಳೆಯುತ್ತ ಹೋಯಿತು. 1870ರ ದಶಕದಲ್ಲಿ ಮೈಸೂರು ಸೀಮೆಯಲ್ಲಿ ಆನೆ ಹಿಡಿಯುವ ಖೆಡ್ಡಾ ನಡೆಸಿದ ಜಿ.ಪಿ. ಸ್ಯಾಂಡರ್ಸನ್ ಬಳಸಿದ ನಾಲ್ಕು ಬೋರಿನ ಕೋವಿಗೆ ಹೆಸರೇ ಹೇಳುವಂತೆ ಪೌಂಡಿಗೆ ನಾಲ್ಕು ಗುಂಡು. ಒಂದೊಂದೂ ಸುಮಾರು 113 ಗ್ರಾಂ ಸೀಸ. ಅದರ ಒದೆತವನ್ನು ತಡೆಯಲು ಕಸುಬುದಾರರು ಕೋವಿಯ ತೂಕವನ್ನೇ ಹೆಚ್ಚಿಸಿದರು. ಮದ್ದು, ಗುಂಡು ಅಷ್ಟೇ ಇದ್ದು ಕೋವಿಯ ತೂಕ ಇಮ್ಮಡಿಯಾದರೆ ಒದೆತದ ಶಕ್ತಿ ಅರ್ಧಕ್ಕಿಳಿಯುತ್ತದೆ. ಹೊರುವ ಕಷ್ಟವನ್ನು ಒಪ್ಪಿಕೊಂಡು ಹೆಗಲಿನ ಕಷ್ಟವನ್ನು ಇಳಿಸಿಕೊಂಡ ಲೆಕ್ಕಾಚಾರವಿದು.

ಬೇಟೆಯ ಉದ್ವೇಗದಲ್ಲಿ ಒದೆತ ಗೊತ್ತೇ ಆಗುವುದಿಲ್ಲ, ಅಂದಮೇಲೆ ಇಷ್ಟೆಲ್ಲ ಏಕೆ ಎಂಬ ಆಕ್ಷೇಪವೂ ಉಂಟು. ನೋವು ಗೊತ್ತಾಗದಿರುವುದು ನಿಜ. ಆದರೆ ಬೆಚ್ಚುವಿಕೆ ಒದೆತದ ಹಿಂದೆ ಬರುವುದಿಲ್ಲ, ಮುಂದೆ ಬರುತ್ತದೆ. ಹಿಂದಿನ ಈಡುಗಳಲ್ಲಿ ಮೈಗಂಟಿದ ಅಂಜಿಕೆ ಉದ್ವೇಗದಲ್ಲೂ ಬೆರಳನ್ನು ಆಳುತ್ತದೆ. ಆದ್ದರಿಂದಲೇ ಹಗುರ ಮದ್ದಿನಿಂದ ಆರಂಭಿಸುವುದು, ಕೋವಿಯನ್ನು ಹೆಗಲಿಗೆ ಬಿಗಿಯಾಗಿ ಒತ್ತುವುದು, ಖಾಲಿ ಕೋವಿಯಲ್ಲಿ ಕುದುರೆ ಎಳೆದು ಕೈ ಪಳಗಿಸುವುದು ಮುಖ್ಯ. ಕೊಡವರ ಕೈಲ್‌ಪೋದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯವೂ ಜೀವಹಾನಿಯಿಲ್ಲದೆ ಈ ಪಳಗುವಿಕೆಗೆ ಎಡೆಕೊಡುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬಳಿಕ ಷಿಕಾರಿಯ ದಿನಗಳು ಮುಗಿದವು. ಮೇಲುಕೋಟೆಯ ಗುಡ್ಡಗಳು ತೋಳಗಳ ರಕ್ಷಣೆಗಾಗಿ ಅಭಯಾರಣ್ಯವಾದವು. ಅದು ಒಳ್ಳೆಯದೇ ಆಯಿತು. ಆದರೂ ಹಳೆಯ ಷಿಕಾರಿಯನ್ನು ಬರೆಯುವವರು ಕೆಡವಿದ ಪ್ರಾಣಿಗಳನ್ನಷ್ಟೇ ಎಣಿಸಬಾರದು. ಬೆಚ್ಚಿದ ಕೈಯಿಂದ ಗಾಯಗೊಂಡು ನರಳಿದವುಗಳೂ ಆ ಚರಿತ್ರೆಗೆ ಸೇರಿವೆ. ಅವನ್ನು ಲೆಕ್ಕಕ್ಕೆ ತಂದುಕೊಂಡರೆ, ತನ್ನ ಅಳುಕನ್ನು ಒಪ್ಪಿಕೊಂಡು ಒದೆತ ಕಡಿಮೆಯ ಕೋವಿ ಹಿಡಿದವನೇ ಹೆಚ್ಚು ಜವಾಬ್ದಾರಿಯ ಬೇಟೆಗಾರ.